ಕೆ ಅಕ್ಷರದ ಇಂಗ್ಲಿಷ್ ಪದಗಳಿಗೆ ಆಂಕಿಡ್ರಾಯ್ಡ್: ಆಪ್ ಗಟ್ಟಿ, ಪಟ್ಟಿಯನ್ನು ಮಾತ್ರ ತಿದ್ದಿಕೊಳ್ಳಬೇಕು

ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ, ಎ ಇಂದ ಝಡ್‌ವರೆಗೆ. ಇಂಥ ಪಟ್ಟಿಗಳಿಗೆ ನಮ್ಮಲ್ಲಿ ಬರವಿಲ್ಲ. ಓದುವಾಗ ಎಲ್ಲ ಗೊತ್ತಿದ್ದಂತೆಯೇ ಅನಿಸುತ್ತದೆ, ವಾರ ಕಳೆದರೆ ಅರ್ಧಕ್ಕರ್ಧ ಮರೆತಿರುತ್ತದೆ. ಹೀಗೆ ಮರೆಯದಂತೆ ನೋಡಿಕೊಳ್ಳಲು ಆಂಡ್ರಾಯ್ಡ್ ಫೋನಿನಲ್ಲಿ ಆಂಕಿಡ್ರಾಯ್ಡ್‌ಗಿಂತ ಒಳ್ಳೆಯ ಪುಕ್ಕಟೆ ಆಪ್ ಸಿಗುವುದು ಕಷ್ಟ. ಆದರೆ ಅಕ್ಷರಕ್ರಮದ ಪಟ್ಟಿಯನ್ನು ಹಾಗೇ ತಂದು ಸುರಿದರೆ ಇದೂ ಕೈಕೊಡುತ್ತದೆ. ಎಲ್ಲಿ ಕೈಕೊಡುತ್ತದೆ ಎಂಬುದು ಕೆ ಅಕ್ಷರದಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಆಪ್ ಬಗ್ಗೆ ಚುಟುಕಾಗಿ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡ್‌ಗಳನ್ನು ತೋರಿಸಿ ನೆನಪು ಉಳಿಸುವ ಆಂಕಿ ಎಂಬ ಮೂಲ ತಂತ್ರಾಂಶವನ್ನು ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದರು. ಆಂಡ್ರಾಯ್ಡ್ ಆವೃತ್ತಿಯಾದ ಆಂಕಿಡ್ರಾಯ್ಡ್ ಪ್ರತ್ಯೇಕ ಮುಕ್ತ ತಂತ್ರಾಂಶ. ಜಾಹೀರಾತಿಲ್ಲ, ಚಂದಾ ಇಲ್ಲ. ಕಂಪ್ಯೂಟರ್ ಆವೃತ್ತಿಯೂ ಉಚಿತ, ಐಫೋನ್‌ನದಕ್ಕೆ ಮಾತ್ರ ದುಡ್ಡು ಕೊಡಬೇಕು. ಪ್ಲೇ ಸ್ಟೋರಿನಲ್ಲಿ ಇದೇ ಹೆಸರನ್ನು ಹೋಲುವ ಬೇರೆ ಆಪ್‌ಗಳೂ ಇವೆ. ಕಾರ್ಡ್ ತೋರಿಸುವ ಮೊದಲೇ ಚಂದಾ ಕೇಳಿದರೆ ನೀವು ಇಳಿಸಿಕೊಂಡದ್ದು ಬೇರೆ ಯಾವುದೋ ಆಪ್.

ಕೆಲಸದ ರೀತಿ ಸರಳ. ಪ್ರಶ್ನೆ ಕಾಣುತ್ತದೆ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತೀರಿ, ಉತ್ತರ ತೆರೆದು ಅಗೇನ್, ಹಾರ್ಡ್, ಗುಡ್, ಈಸಿ ಈ ನಾಲ್ಕರಲ್ಲಿ ಒಂದನ್ನು ಒತ್ತುತ್ತೀರಿ. ಚೆನ್ನಾಗಿ ಬಂದ ಪದ ತಿಂಗಳು ಬಿಟ್ಟು ಬರುತ್ತದೆ, ಬಾರದ್ದು ಆಗಲೇ ತಿರುಗಿ ಬರುತ್ತದೆ. ಮರೆತದ್ದಕ್ಕೆ ಸಂಕೋಚಪಟ್ಟು ಹಾರ್ಡ್ ಒತ್ತುವವರೇ ಜಾಸ್ತಿ. ಹಾರ್ಡ್ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದು ಲೆಕ್ಕ. ಮರೆತಿದ್ದರೆ ಅಗೇನ್ ಒತ್ತಲೇಬೇಕು, ಇಲ್ಲದಿದ್ದರೆ ಮುಂದಿನ ದಿನಾಂಕಗಳೆಲ್ಲ ಹಳಿ ತಪ್ಪುತ್ತವೆ.

ಇನ್ನು ಕೆ. ಇಂಗ್ಲಿಷ್ ನಿಘಂಟಿನಲ್ಲಿ ಈ ಭಾಗ ಸಣ್ಣದು. ಎ, ಒ, ಯು ಅಕ್ಷರಗಳ ಮುಂದೆ ಕಕಾರದ ಸದ್ದಿಗೆ ಸಾಮಾನ್ಯವಾಗಿ ಸಿ ಬರೆಯುತ್ತಾರೆ. ಇ, ಐ ಮುಂದೆ ಸಿ ಬರೆದರೆ ಸಕಾರವಾಗಿಬಿಡುತ್ತದೆ, ಹಾಗಾಗಿ ಅಲ್ಲಿ ಕೆ. ಕೀ, ಕಿಂಗ್, ಕೆಟಲ್, ಕಿಚನ್, ಕಿಡ್ನಿ ಎಲ್ಲ ಇದೇ ಲೆಕ್ಕದವು. ಕಾಂಗರೂ, ಕರಾಟೆ, ಕಯಾಕ್ ಹೊರಗಿನ ಭಾಷೆಗಳಿಂದ ಬಂದ ಅಪವಾದಗಳು. ಇವಕ್ಕೆ ಕಾರ್ಡ್ ಮಾಡುತ್ತಾ ಕೂರಬೇಡಿ. ಖಾಕಿಗಂತೂ ಬೇಡವೇ ಬೇಡ.

ತೊಂದರೆ ಕೊಡುವುದು ಕೆ ಜೊತೆ ಎನ್ ಬರುವ ಗುಂಪು: ನೀ, ನೀಲ್, ನೀಡ್, ನೈಫ್, ನಾಟ್, ನಾಕ್, ನೋ, ನಿಟ್, ನಕಲ್, ನ್ಯಾಕ್. ಹಳೆಯ ಇಂಗ್ಲಿಷಿನಲ್ಲಿ ಇಲ್ಲಿನ ಕೆ ಸದ್ದು ಮಾಡುತ್ತಿತ್ತು. ಆಮೇಲೆ ಸದ್ದು ಬಿದ್ದುಹೋಯಿತು, ಬರಹದಲ್ಲಿ ಅಕ್ಷರ ಉಳಿಯಿತು. ಉಚ್ಚಾರವನ್ನು 'ಕ್ನೈಫ್' ಎಂದು ಕನ್ನಡದಲ್ಲಿ ಬರೆದಿರುವ ಪಟ್ಟಿ ಸಿಕ್ಕರೆ ಅದನ್ನು ಅಲ್ಲಿಗೇ ಬಿಡಿ. ಉಳಿದ ಪುಟಗಳೂ ಅದೇ ಮಟ್ಟದವಾಗಿರುತ್ತವೆ. ಸಾಲದ್ದಕ್ಕೆ ಇವು ಒಂದರ ಹಿಂದೊಂದು ಬಂದರೆ ಕಲಸುಮೇಲೋಗರ. ನೀಲ್ ಎಂದರೆ ಮಂಡಿಯೂರು, ನೀಡ್ ಎಂದರೆ ಹಿಟ್ಟು ನಾದು, ನಿಟ್ ಎಂದರೆ ಉಲ್ಲನ್ ಹೆಣೆ. ಮೂರನ್ನೂ ಒಂದೇ ದಿನ ಕಲಿತರೆ ಯಾವುದು ಯಾವುದೆಂದು ತಿಳಿಯದೆ ಮೂರೂ ಹೋಗುತ್ತವೆ. ಅಕ್ಷರಕ್ರಮದ ಪಟ್ಟಿಯ ದೊಡ್ಡ ದೋಷ ಇದೇ. ಮದ್ದು ಆಪ್‌ನಲ್ಲೇ ಇದೆ: ಡೆಕ್ (ಕಾರ್ಡುಗಳ ಕಟ್ಟು) ಆಪ್ಷನ್ಸ್ ತೆರೆದು, ಹೊಸ ಕಾರ್ಡ್ ಆರಿಸುವ ಕ್ರಮದಲ್ಲಿ ರ್‍ಯಾಂಡಮ್ ನೋಟ್ಸ್ ಎಂದು ಇಡಿ. ಕೆ ಜೊತೆಗೆ ಇನ್ನೂ ನಾಲ್ಕೈದು ಅಕ್ಷರಗಳ ಪದಗಳನ್ನು ಅದೇ ಡೆಕ್‌ಗೆ ಹಾಕಿದರೆ ಇನ್ನೂ ಒಳ್ಳೆಯದು.

ಕಾರ್ಡ್ ಹೇಗಿರಬೇಕು? ಪದ, ಉಚ್ಚಾರ, ಅರ್ಥ, ಒಂದು ವಾಕ್ಯ ಎಂದು ನಾಲ್ಕು ಫೀಲ್ಡ್, ಅಂದರೆ ಖಾನೆ, ಸಾಕು. ಈ ನಾಲ್ಕೂ ಸೇರಿದ್ದು ಒಂದು ನೋಟ್, ಕಾರ್ಡ್ ತಯಾರಾಗುವುದು ಅದರಿಂದ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕಾರ್ಡಿನಲ್ಲಿ ಉತ್ತರವನ್ನು ಟೈಪ್ ಮಾಡಿಸುವ ಸೌಲಭ್ಯ ಬಳಸಿ. ಕೆ ಪದಗಳಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. 'ಚಪಾತಿ ಹಿಟ್ಟು ನಾದು' ಎಂಬ ಪ್ರಶ್ನೆಗೆ ಎನ್, ಇ, ಎ, ಡಿ ಎಂದು ಹೊಡೆದರೆ ಮೊದಲಿನ ಕೆ ಬಿಟ್ಟುಹೋಗಿರುವುದನ್ನು ಬಣ್ಣದಲ್ಲಿ ಬೇರೆಯಾಗಿ ತೋರಿಸುತ್ತದೆ, ಸರಿ ಇರುವ ಅಕ್ಷರಗಳು ಹಸಿರಾಗಿರುತ್ತವೆ. ಎರಡು ಎಚ್ಚರಿಕೆ: ಮೊದಲ ಅಕ್ಷರವನ್ನು ಕೀಬೋರ್ಡ್ ತಾನಾಗಿಯೇ ಕ್ಯಾಪಿಟಲ್ ಮಾಡಿದರೆ ಸರಿಯಾದ ಉತ್ತರವೂ ತಪ್ಪೆಂದು ಕಾಣುತ್ತದೆ. ಇನ್ನು ಕೀಬೋರ್ಡಿನ ಪದ ಸಲಹೆ ಆನ್ ಇದ್ದರೆ ಕೆ, ಎನ್ ಹೊಡೆಯುವಷ್ಟರಲ್ಲಿ ಉತ್ತರವನ್ನು ಅದೇ ಹೇಳಿಕೊಡುತ್ತದೆ. ಎರಡನ್ನೂ ಆಫ್ ಮಾಡಿ.

ಅರ್ಥದ ಕಾಲಮ್ಮಿನಲ್ಲೇ ತಪ್ಪುಗಳು ಹೆಚ್ಚು. ಕಿಲ್ನ್ ಎಂಬುದಕ್ಕೆ ಕುಲುಮೆ ಎಂದು ಬರೆದಿರುವುದುಂಟು. ಕುಲುಮೆ ಕಮ್ಮಾರನದು, ಕಿಲ್ನ್ ಎಂದರೆ ಇಟ್ಟಿಗೆ ಅಥವಾ ಸುಣ್ಣದ ಗೂಡು, ಕುಂಬಾರನ ಆವಿಗೆ. ಕೈಟ್‌ಗೆ ಗಾಳಿಪಟ ಎಂದಷ್ಟೇ ಕೊಟ್ಟರೆ ಅರ್ಧ ಅರ್ಥ. ಅದು ಹದ್ದಿನ ಹೆಸರೂ ಹೌದು. ಕೈಂಡ್ ಒಂದು ಕಡೆ ದಯೆಯುಳ್ಳ, ಇನ್ನೊಂದು ಕಡೆ ಬಗೆ. ಕೀನ್ ಚಾಕುವಿನ ಅಂಚಿಗೆ ಹರಿತ, ಮನುಷ್ಯನಿಗೆ ಆಸಕ್ತಿಯುಳ್ಳ. ಇಂಥ ಕಡೆ ಎರಡು ಅರ್ಥವನ್ನೂ ಒಂದೇ ಕಾರ್ಡಿಗೆ ತುರುಕದೆ, ಒಂದೊಂದಕ್ಕೂ ಬೇರೆ ವಾಕ್ಯ ಕೊಟ್ಟು ಎರಡು ನೋಟ್ ಮಾಡಿ. ಕರ್ನಲ್ ಇನ್ನೊಂದು ತಮಾಷೆ: ಕೆ ಇಂದ ಬರೆದರೆ ಕಾಳಿನ ತಿರುಳು, ಸಿ ಇಂದ ಬರೆದರೆ ಸೇನಾಧಿಕಾರಿ, ಕಿವಿಗೆ ಎರಡೂ ಒಂದೇ. ಹಾಗಾಗಿ ಬರೀ ಧ್ವನಿ ಕೇಳಿಸಿ ಅರ್ಥ ಕೇಳುವ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಅರ್ಥ ತಾಳೆ ನೋಡಲು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಈಗಲೂ ನಂಬಿಕೆಗೆ ಅರ್ಹ.

ಪಟ್ಟಿಯನ್ನು ಒಳಗೆ ತರುವಾಗ ಕನ್ನಡದವರಿಗೆ ಒಂದು ತೊಡಕಿದೆ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ಫೈಲು ಆಂಕಿಯೊಳಗೆ ಬಂದ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರ ಸರಿ ಬಂದಿವೆಯೇ ಎಂದು ಕಣ್ಣಾಡಿಸಿ. ಯುನಿಕೋಡ್‌ನಲ್ಲೇ ಇದ್ದರೂ ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಬಹುದು. ಯುಟಿಎಫ್-8 ಎಂದಿರುವುದನ್ನೇ ಆರಿಸಿ. 'ದಯಾಳು, ಕರುಣಾಳು' ಎಂಬಲ್ಲಿನ ಅಲ್ಪವಿರಾಮ ಕಾಲಮ್ಮನ್ನು ಒಡೆದುಹಾಕುವ ಅಪಾಯವೂ ಇದೆ, ಆದ್ದರಿಂದ ಟ್ಯಾಬ್‌ನಿಂದ ಬೇರ್ಪಡಿಸಿದ ಫೈಲೇ ಕ್ಷೇಮ. ಮತ್ತೊಂದು: ಇಂಪೋರ್ಟ್ ಪರದೆಯಲ್ಲಿ ಬದಲಿಸದಿದ್ದರೆ, ಮೊದಲ ಫೀಲ್ಡ್ ಒಂದೇ ಇರುವ ಹಳೆಯ ನೋಟನ್ನು ಹೊಸ ಫೈಲು ತಿದ್ದಿಬಿಡುತ್ತದೆ. ಕೈಟ್‌ನ ಹದ್ದು ಬಂದು ಗಾಳಿಪಟವನ್ನು ಅಳಿಸಿಹಾಕುವುದು ಹೀಗೆ. ಮೊದಲ ಫೀಲ್ಡಿನಲ್ಲಿ ಪದದ ಮುಂದೆ 1, 2 ಎಂದು ಹಾಕಿದರೆ ತಪ್ಪುತ್ತದೆ. ಆದರೆ ಟೈಪ್ ಮಾಡಿಸುವ ಪದಕ್ಕೆ ಆಗ ಬೇರೆ ಫೀಲ್ಡ್ ಇಡಬೇಕು.

ಕಾರ್ಡಿನ ಟೆಂಪ್ಲೇಟಿನಲ್ಲಿ, ಅಂದರೆ ವಿನ್ಯಾಸದಲ್ಲಿ, ಅಕ್ಷರದ ಗಾತ್ರ ಮೂಲದಲ್ಲಿ 20 ಪಿಕ್ಸೆಲ್. ಇಂಗ್ಲಿಷಿಗೆ ಸಾಕು, ಒತ್ತಕ್ಷರಕ್ಕೆ ಸಾಲದು. 28 ಮಾಡಿ.

ದಿನಕ್ಕೆ 20 ಹೊಸ ಕಾರ್ಡ್ ಎಂದು ಆಪ್ ತಾನೇ ಇಟ್ಟಿರುತ್ತದೆ. ಪಿಯುಸಿ ಅಥವಾ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಇದು ಜಾಸ್ತಿಯಾಯಿತು. ಹೊಸದು ಇಪ್ಪತ್ತೇ ಆದರೂ ಹಳೆಯವು ತಿರುಗಿ ಬರುತ್ತಾ ಬರುತ್ತಾ ರಾಶಿ ಬೀಳುತ್ತವೆ, ಒಂದು ವಾರ ಬಿಟ್ಟರೆ ಆಪ್ ತೆರೆಯಲೇ ಬೇಜಾರು. 8 ಅಥವಾ 10 ಸಾಕು. ಒಂದು ಪದಕ್ಕೆ ಎರಡೂ ದಿಕ್ಕಿನ ಕಾರ್ಡ್ ಇದ್ದರೆ ಎರಡೂ ಒಂದೇ ದಿನ ಬಾರದಂತೆ 'ಬರಿ ಸಿಬ್ಲಿಂಗ್ಸ್' ಎಂಬ ಆಯ್ಕೆಯನ್ನು ಆನ್ ಮಾಡಿ. ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ಎಣಿಸಲು 2023ರಲ್ಲಿ ಆಂಕಿಗೆ ಸೇರಿಸಿದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರವನ್ನು ಆನ್ ಮಾಡಿ, ನೆನಪಿನ ಗುರಿಯನ್ನು 0.90ರಲ್ಲೇ (ನೂರಕ್ಕೆ ತೊಂಬತ್ತು ನೆನಪಿರಲಿ ಎಂದು) ಬಿಡಿ. 0.97ಕ್ಕೆ ಏರಿಸಿದರೆ ಅಂಕ ಹೆಚ್ಚುವುದಕ್ಕಿಂತ ಕೆಲಸವೇ ಹೆಚ್ಚುತ್ತದೆ. ಒಂದೇ ಕಾರ್ಡ್ 8 ಸಲ ಮರೆತರೆ ಆಪ್ ಅದಕ್ಕೆ ಲೀಚ್ ಎಂದು ಗುರುತು ಹಾಕುತ್ತದೆ. ಅಂಥದ್ದನ್ನು ಮತ್ತೆ ಮತ್ತೆ ಉರುಹೊಡೆಯುವ ಬದಲು ವಾಕ್ಯ ಬದಲಿಸಿ ನೋಡಿ. ಹೆಚ್ಚಿನವು ಆಗಲೇ ಸರಿಹೋಗುತ್ತವೆ.

ನ್ಯೂನತೆ ಹೇಳಲೇಬೇಕೆಂದರೆ, ಮೊದಲ ಸಲ ತೆರೆದವರಿಗೆ ಸೆಟ್ಟಿಂಗ್‌ಗಳ ಕಾಡು ಕಂಡು ತಲೆ ತಿರುಗುತ್ತದೆ. ಟೆಂಪ್ಲೇಟ್ ತಿದ್ದಲು ಫೋನಿಗಿಂತ ಕಂಪ್ಯೂಟರ್ ವಾಸಿ, ತಿದ್ದಿ ಆಂಕಿವೆಬ್ ಎಂಬ ಆನ್‌ಲೈನ್ ಸೇವೆಯ ಮೂಲಕ ಸಿಂಕ್ ಮಾಡಬಹುದು. ಅಲ್ಲೂ ಒಂದು ಹಳ್ಳ ಇದೆ. ನೋಟಿಗೆ ಹೊಸ ಫೀಲ್ಡ್ ಸೇರಿಸಿದರೆ ಮುಂದಿನ ಸಿಂಕ್‌ನಲ್ಲಿ ಅಪ್‌ಲೋಡ್ ಮಾಡಲೋ ಡೌನ್‌ಲೋಡ್ ಮಾಡಲೋ ಎಂದು ಕೇಳುತ್ತದೆ, ಅವಸರದಲ್ಲಿ ತಪ್ಪಾಗಿ ಒತ್ತಿದರೆ ಒಂದು ಕಡೆಯ ಅಷ್ಟೂ ಕೆಲಸ ಅಳಿಸಿಹೋಗುತ್ತದೆ. ಫೀಲ್ಡ್ ಮುಟ್ಟುವ ಮೊದಲು ಫೋನು, ಕಂಪ್ಯೂಟರ್ ಎರಡನ್ನೂ ಸಿಂಕ್ ಮಾಡಿ, ಡೆಕ್ಕನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಆಮೇಲೆ ಕೈ ಹಾಕಿ.