ತೈಪೆಯಲ್ಲಿ ಹಬೆ ಬನ್: ಗ್ವಾ ಬಾವೊ ಅಂಗಡಿಯೋ, ದಿನ್ ತೈ ಫಂಗೋ?

ತೈವಾನ್‌ನ ತೈಪೆಯಲ್ಲಿ ಒಂದೇ ಊಟಕ್ಕೆ ಸಮಯವಿದ್ದರೆ ಗೊಂಗ್‌ಗ್ವಾನ್‌ನ ಲಾನ್ ಜಿಯಾ ಅಂಗಡಿಗೆ ಹೋಗಿ. ಅಲ್ಲಿನ ವಿಶೇಷ ಗ್ವಾ ಬಾವೊ. ಹಬೆಯಲ್ಲಿ ಬೆಂದ ಮೆತ್ತನೆ ಬನ್ ಮಡಚಿ, ಒಳಗೆ ಸೋಯಾ ಸಾಸ್‌ನಲ್ಲಿ ನಿಧಾನವಾಗಿ ಬೇಯಿಸಿದ ಹಂದಿಮಾಂಸ, ಹುಳಿ ಬರಿಸಿದ ಸಾಸಿವೆ ಸೊಪ್ಪು, ಕೊತ್ತಂಬರಿ, ಸಿಹಿ ಕಡಲೆಕಾಯಿ ಪುಡಿ ಹಾಕಿ ಕೊಡುತ್ತಾರೆ. ಕೊಬ್ಬು ಎಷ್ಟಿರಬೇಕು ಅಂತ ನೀವೇ ಹೇಳಬಹುದು. ಆ ಪುಡಿ ಮಾತ್ರ ಬೇಡ ಅನ್ನಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಖರ್ಚೂ ಕಡಿಮೆ. ಕೈಯಲ್ಲೇ ಹಿಡಿದು ತಿಂದು ಹೊರಡಬಹುದು.

ದಿನ್ ತೈ ಫಂಗ್ ರೆಸ್ಟೋರೆಂಟ್ ಬೇರೆ ಥರ. 1958ರಲ್ಲಿ ಎಣ್ಣೆ ಅಂಗಡಿಯಾಗಿ ಶುರುವಾದದ್ದು, ಈಗ 18 ನೆರಿಗೆಯ, ಒಳಗೆ ಸೂಪ್ ಇರುವ ಶಿಯಾವೊಲೊಂಗ್‌ಬಾವೊ ಎಂಬ ಹಬೆ ಕಡುಬಿಗೆ ಹೆಸರುವಾಸಿ. ಕಾಯಬೇಕು, ಬಿಲ್ಲೂ ಜಾಸ್ತಿ, ಅದರ ಮೇಲೆ 10% ಸೇವಾ ಶುಲ್ಕ. ಆದರೆ ಮಾಂಸ ತಿನ್ನದವರು ಜೊತೆಗಿದ್ದರೆ ಇದೇ ಸರಿ. ತರಕಾರಿ, ಅಣಬೆ ತುಂಬಿದ್ದೂ ಸಿಗುತ್ತದೆ.