ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಟ್ಯಾಬ್: ಮೂರು ಬೇಸಿಗೆ ಕಳೆದ ಮೇಲೆ

ನಮ್ಮ ಹಳೆಯ ಕಾರಿನ ಸ್ಟೀರಿಯೊ ಕೆಟ್ಟು ನಿಂತಾಗ ಅದರ ಜಾಗದಲ್ಲಿ ಎಂಟು ಇಂಚಿನ ಆಂಡ್ರಾಯ್ಡ್ ಟ್ಯಾಬ್ ಕೂರಿಸಿದ್ದು 2022ರ ಯುಗಾದಿಗೆ ಒಂದು ವಾರ ಮುಂಚೆ. ಟ್ಯಾಬ್‌ಗೆ 9,500 ರೂಪಾಯಿ, ಅದರ ಸದ್ದನ್ನು ಹೆಚ್ಚಿಸಿ ಕಾರಿನ ಸ್ಪೀಕರ್‌ಗಳಿಗೆ ಕೊಡುವ ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರ್‌ಗೆ (ಆಂಪ್) 5,500, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೌಕಟ್ಟಿಗೂ ವೈರಿಂಗ್‌ಗೂ ಸೇರಿ 3,000. ದೊಡ್ಡ ಸ್ಟೀರಿಯೊ ಕೂರುವ ಕಿಂಡಿ ಸುಮಾರು 18 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರುತ್ತದೆ. ಎಂಟು ಇಂಚಿನ ಟ್ಯಾಬ್ ಅದರೊಳಗೆ ಹೋಗುವುದಿಲ್ಲ. ಆದ್ದರಿಂದ ಕಿಂಡಿಯ ಮೇಲೆ ಚೌಕಟ್ಟು ಕಟ್ಟಿ, ಟ್ಯಾಬ್ ಅದರಲ್ಲಿ ಜಾರಿ ಕೂರುವಂತೆ ಮಾಡಿಸಿದೆ. ಅಂಟಿಸಿಬಿಡೋಣ ಎಂದು ಅಂಗಡಿಯವರು ಹೇಳಿದ್ದರು. ನಾನು ಒಪ್ಪದಿದ್ದದ್ದು ಎಷ್ಟು ಒಳ್ಳೆಯದಾಯಿತು ಎಂಬುದು ಮುಂದಿನ ವರ್ಷ ತಿಳಿಯಿತು.

ಮೊದಲ ದಿನವೇ ಎದುರಾದದ್ದು ಸದ್ದಿನ ತೊಂದರೆ. ಟ್ಯಾಬ್ ಬ್ಯಾಟರಿಯ ಮೇಲೆ ಹಾಡುತ್ತಿದ್ದರೆ ನಿರ್ಮಲ. ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ಗಳಲ್ಲಿ ಒಂದು ಕೀರಲು ಗುಂಯ್ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದರ ಶ್ರುತಿಯೂ ಏರುತ್ತಿತ್ತು. ಸ್ಪೀಕರ್ ಹಾಳಾಗಿದೆ, ಬದಲಿಸಿ ಎಂದರು ಒಬ್ಬರು. ಇನ್ನೊಂದು ಕಡೆಯ ವಯಸ್ಸಾದ ಎಲೆಕ್ಟ್ರಿಷಿಯನ್ ಮಾತ್ರ ಸೀಟಿನ ಕೆಳಗೆ ಟಾರ್ಚ್ ಹಿಡಿದು ನೋಡಿ, "ಸರ್, ನಿಮ್ಮ ಆಂಪ್‌ಗೆ ಅರ್ತ್ ಒಂದು ಕಡೆ, ಚಾರ್ಜರ್‌ಗೆ ಇನ್ನೊಂದು ಕಡೆ ಕೊಟ್ಟಿದ್ದಾರೆ. ಎರಡನ್ನೂ ಒಂದೇ ಬೋಲ್ಟಿಗೆ ತನ್ನಿ" ಎಂದರು. ಅರ್ತ್ ಎಂದರೆ ವಿದ್ಯುತ್ ಮರಳಲು ಕಾರಿನ ಲೋಹದ ದೇಹಕ್ಕೆ ಕೊಡುವ ಜೋಡಣೆ. ಎರಡು ಅರ್ತ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸವೇ, ಎಂಜಿನ್ ತಿರುಗುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಸದ್ದನ್ನು, ಟ್ಯಾಬ್‌ನಿಂದ ಹಾಡು ಒಯ್ಯುವ ಆಕ್ಸ್ ತಂತಿಯ ಮೂಲಕ ಆಂಪ್‌ಗೆ ತಲುಪಿಸುತ್ತಿತ್ತು. ಅವರು ಹೇಳಿದಂತೆ ಮಾಡಿದ ಮೇಲೆ ಮುಕ್ಕಾಲು ಪಾಲು ಹೋಯಿತು. ಉಳಿದದ್ದನ್ನು ಆಕ್ಸ್ ತಂತಿಯ ನಡುವೆ ಹಾಕುವ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುವ ಗ್ರೌಂಡ್ ಲೂಪ್ ಐಸೊಲೇಟರ್ ನಿಲ್ಲಿಸಿತು. ಅದರಿಂದ ಮೃದಂಗದ ಎಡ ಮುಖದ ಗಂಭೀರ ನಾದ ತುಸು ತೆಳುವಾಯಿತು. ಸಂಗೀತ ಕಚೇರಿ ಕೇಳುವ ನನಗೆ ಅದು ಗೊತ್ತಾಗುತ್ತದೆ, ಮನೆಯ ಉಳಿದವರಿಗೆ ಗೊತ್ತಾಗಲಿಲ್ಲ.

ಚಾರ್ಜರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಅಗ್ಗದ ಚಾರ್ಜರ್ ಭೂಪಟ, ಹಾಡು, ಪೂರ್ಣ ಬೆಳಕು ಮೂರೂ ಇದ್ದಾಗ ಸೋಲುತ್ತಿತ್ತು. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳ ತಲುಪುವಷ್ಟರಲ್ಲಿ ಟ್ಯಾಬ್‌ನ ಚಾರ್ಜ್ ಹೆಚ್ಚುವ ಬದಲು ಇಳಿದಿರುತ್ತಿತ್ತು. 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ 3 ಆಂಪಿಯರ್ ಕೊಡುವ ಕನ್ವರ್ಟರನ್ನು ಫ್ಯೂಸ್ ಸಮೇತ, ಕೀಲಿ ತಿರುಗಿಸಿದಾಗಷ್ಟೇ ಕರೆಂಟ್ ಬರುವ ಇಗ್ನಿಷನ್ ಲೈನಿಗೆ ಹಾಕಿಸಿದ ಮೇಲೆ ಆ ಚಿಂತೆ ತಪ್ಪಿತು. ಕೀಲಿ ತಿರುಗಿಸಿದರೆ ಪರದೆ ಎಚ್ಚರವಾಗಿ, ನಿಂತಲ್ಲಿಂದ ಹಾಡು ಮುಂದುವರಿಯುವಂತೆ ಇಂಥ ಕೆಲಸಗಳನ್ನು ತಾನಾಗಿ ಮಾಡಿಸುವ ಮ್ಯಾಕ್ರೊಡ್ರಾಯ್ಡ್ ಆ್ಯಪ್‌ನಲ್ಲಿ ಹೊಂದಿಸಿಕೊಂಡಿದ್ದೇನೆ. ಕೀಲಿ ತೆಗೆದರೆ ಹಾಡು ನಿಂತು ಪರದೆ ಆರುತ್ತದೆ.

2023ರ ಏಪ್ರಿಲ್‌ನಲ್ಲಿ ಒಂದು ದಿನ ಟ್ಯಾಬ್‌ನ ಗಾಜು ಒಂದು ಬದಿಯಲ್ಲಿ ಮೇಲೆದ್ದಿತ್ತು. ಬ್ಯಾಟರಿ ಉಬ್ಬಿತ್ತು. ಆಫೀಸಿನ ಬಯಲು ಪಾರ್ಕಿಂಗ್‌ನಲ್ಲಿ ಇಡೀ ದಿನ ಬಿಸಿಲಿಗೆ ನಿಂತ ಕಾರಿನೊಳಗಿನ ಕಾವನ್ನು ಲಿಥಿಯಂ ಬ್ಯಾಟರಿ ವರ್ಷಗಟ್ಟಲೆ ತಡೆಯುವುದಿಲ್ಲ, ಅದೂ ಸದಾ ನೂರಕ್ಕೆ ನೂರು ಚಾರ್ಜ್ ತುಂಬಿದ್ದರೆ. ಬೆಂಗಳೂರು ತಂಪಿನ ಊರೆಂಬ ನಂಬಿಕೆ ಕಾರಿನ ಗಾಜಿನೊಳಗೆ ನಡೆಯದು. ಅಂಟಿಸಿದ್ದರೆ ಅಂದು ಡ್ಯಾಶ್‌ಬೋರ್ಡನ್ನೇ ಕೀಳಬೇಕಿತ್ತು. ಈಗಿರುವುದು ಎರಡನೆಯ ಟ್ಯಾಬ್. ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರುವುದನ್ನೇ ಹುಡುಕಿ ತಂದೆ. ಮಾರ್ಚ್‌ನಿಂದ ಮೇವರೆಗೆ ಕಾರಿನಿಂದ ಇಳಿಯುವಾಗ ಅದನ್ನೂ ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ.

ನಾನು ಮಾಡಿದ ದೊಡ್ಡ ತಪ್ಪು ವಾಲ್ಯೂಮ್ ನಾಬ್ ಇಲ್ಲದೆ ಮೊದಲ ಆರು ತಿಂಗಳು ಓಡಿಸಿದ್ದು. ಗಾಜಿನ ಪರದೆಯಲ್ಲಿ ಬೆರಳಿಗೆ ಯಾವ ಗುರುತೂ ಸಿಗದು, ಕಣ್ಣು ಇಳಿಸಲೇಬೇಕು. ನಾಯಂಡಹಳ್ಳಿಯ ಬಳಿ ಹಿಂದಿನಿಂದ ಆಂಬುಲೆನ್ಸ್ ಸೈರನ್ ಕೇಳಿ ಸದ್ದು ತಗ್ಗಿಸಲು ಪರದೆ ನೋಡಿದೆ. ತಲೆಯೆತ್ತುವಷ್ಟರಲ್ಲಿ ಮುಂದಿನ ಆಟೊ ನಿಂತಿತ್ತು, ಒಂದು ಗೇಣು ಅಂತರದಲ್ಲಿ ಬ್ರೇಕ್ ಹಿಡಿಯಿತು. ಮರುದಿನವೇ ಗೇರ್ ಪಕ್ಕದಲ್ಲಿ, ಆಕ್ಸ್ ತಂತಿಗೂ ಆಂಪ್‌ಗೂ ನಡುವೆ, ಕೈಯಿಂದ ತಿರುಗಿಸುವ ನಾಬ್ ಹಾಕಿಸಿದೆ. 350 ರೂಪಾಯಿ. ಇಡೀ ವ್ಯವಸ್ಥೆಯಲ್ಲಿ ನಾನು ಕೊಟ್ಟ ಅತ್ಯಂತ ಸಾರ್ಥಕ ಹಣ ಅದು. ಚಾಲನೆಯಲ್ಲಿ ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ನೋಡಲಷ್ಟೇ, ಗಮನ ಕದಡದಂತೆ ಬಳಸಬಹುದು ಎಂದು ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿ ಹೇಳುತ್ತದೆ. ಡ್ಯಾಶ್‌ಬೋರ್ಡಿಗೆ ಕೂರಿಸಿದ ಟ್ಯಾಬ್‌ಗೂ ಅದೇ ಶಿಸ್ತು ಇರಲಿ. ವಿಡಿಯೊ ಆ್ಯಪ್‌ಗಳನ್ನು ನಾನು ಅದರಲ್ಲಿ ಇಟ್ಟೇ ಇಲ್ಲ.

ಕಳೆದುಕೊಂಡದ್ದು ರೇಡಿಯೊ. ಈ ಟ್ಯಾಬ್‌ನಲ್ಲಿ ಎಫ್.ಎಂ. ಇಲ್ಲ. ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ವಾಹಿನಿ ಅಮೃತವರ್ಷಿಣಿ, 100.1, ನನ್ನ ಬೆಳಗಿನ ಸಂಗಾತಿ. ಈಗ ಅದನ್ನು ಮೊಬೈಲ್‌ನ ಹಾಟ್‌ಸ್ಪಾಟ್ ಮೂಲಕ ಆಕಾಶವಾಣಿಯ ಆ್ಯಪ್‌ನಲ್ಲೇ ಕೇಳುತ್ತೇನೆ. ಕುಣಿಗಲ್ ದಾಟಿ ಹಾಸನದ ಕಡೆ ಹೋಗುವಾಗ ಆಲಾಪನೆಯ ನಡುವೆ ನೆಟ್‌ವರ್ಕ್ ಕಡಿದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಬರುವ ತಿಂಗಳು ಒಂದು ಸಣ್ಣ ಎಫ್.ಎಂ. ರಿಸೀವರ್ ತಂದು, ಖಾಲಿ ಬಿದ್ದಿರುವ ಹಳೆಯ ಆಂಟೆನಾ ತಂತಿಗೆ ಜೋಡಿಸಿ, ಅದನ್ನೂ ಅದೇ ನಾಬ್‌ಗೆ ಕೊಡಿಸಬೇಕೆಂದಿದ್ದೇನೆ.