ಏಳನೇ ಫಾರಂ ಯಾರ ಹತ್ರ ಇದೆ? ಡ್ರೈವ್, ಡ್ರಾಪ್‌ಬಾಕ್ಸ್, ಆಸನ, ಟ್ರೆಲ್ಲೊ ಬಳಸಿ ನೋಡಿದ್ದು

ಚಾಮರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಆಫೀಸು. ಒಟ್ಟು ಆರು ಜನ. ಕನ್ನಡ ಪುಸ್ತಕಗಳ ಟೈಪಿಂಗ್, ಪುಟವಿನ್ಯಾಸ, ಮುಖಪುಟ ನಮ್ಮ ಕೆಲಸ. ಹೋದ ವರ್ಷ ರಾಜ್ಯೋತ್ಸವದ ಅವಸರದಲ್ಲಿ ಒಂದು ಪುಸ್ತಕದ ಏಳನೇ ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟು) ಹಳೇ ಪ್ರೂಫಿನಲ್ಲೇ ಅಚ್ಚಾಗಿಬಿಟ್ಟಿತು. ತಿದ್ದಿದ ಫೈಲು ಒಬ್ಬರ ಪೆನ್‌ಡ್ರೈವಿನಲ್ಲಿತ್ತು. ಪ್ರೆಸ್ಸಿಗೆ ಹೋಗಿದ್ದು ಇನ್ನೊಬ್ಬರ ಮೇಲ್‌ನಲ್ಲಿದ್ದ ಫೈಲು. 16 ಪುಟ ಮತ್ತೆ ಅಚ್ಚು ಹಾಕಿಸಿದೆವು. ಲೇಖಕರು ಒಂದು ಮಾತೂ ಬಯ್ಯಲಿಲ್ಲ, ಅದಕ್ಕೇ ಮನಸ್ಸಿಗೆ ಜಾಸ್ತಿ ನೋವಾಯಿತು.

ಆಮೇಲೆ ಬಂದ ಎರಡು ಪುಸ್ತಕಗಳನ್ನು ಬೇರೆ ಬೇರೆ ರೀತಿ ಮಾಡಿ ನೋಡಿದೆವು. ಮೊದಲನೆಯದಕ್ಕೆ ಗೂಗಲ್ ಡ್ರೈವ್ ಜೊತೆ ಆಸನ, ಎರಡನೆಯದಕ್ಕೆ ಡ್ರಾಪ್‌ಬಾಕ್ಸ್ ಜೊತೆ ಟ್ರೆಲ್ಲೊ. ಡ್ರೈವ್, ಡ್ರಾಪ್‌ಬಾಕ್ಸ್ ಎರಡೂ ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿ, ಇಟ್ಟು ಹಂಚಿಕೊಳ್ಳುವ ಜಾಗ. ಆಸನ (Asana), ಟ್ರೆಲ್ಲೊ ಯಾವ ಕೆಲಸ ಯಾರ ಹತ್ರ ಇದೆ ಅಂತ ಲೆಕ್ಕ ಇಡುವ ಆ್ಯಪ್‌ಗಳು.

ಬರಹದ ಕೆಲಸಕ್ಕೆ ಡ್ರೈವ್‌ನಷ್ಟು ಒಗ್ಗಿದ್ದು ಇನ್ನೊಂದಿಲ್ಲ. ನಮ್ಮ ಪ್ರೂಫ್ ನೋಡುವವರು ನಿವೃತ್ತ ಕನ್ನಡ ಮೇಷ್ಟ್ರು, ರಾಜಾಜಿನಗರದ ಮನೆಯಿಂದಲೇ ಕೆಲಸ ಮಾಡುತ್ತಾರೆ. ಗೂಗಲ್ ಡಾಕ್ಸ್‌ನಲ್ಲಿ ಸಲಹೆಯ ವಿಧಾನ ಹಾಕಿಕೊಟ್ಟರೆ ಅವರು ತಿದ್ದಿದ್ದೆಲ್ಲ ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಂದೊಂದೇ ನೋಡಿ ಒಪ್ಪಬಹುದು, ಬೇಡ ಅಂದರೆ ಬಿಡಬಹುದು. 'ಮಹಾಪ್ರಾಣ ಬಿಟ್ಟಿದ್ದೀಯ ನೋಡಮ್ಮ' ಅಂತ ಪಕ್ಕದಲ್ಲೇ ಟಿಪ್ಪಣಿ ಬರೆಯುತ್ತಾರೆ. ಕೆಂಪು ಶಾಯಿಯ ಪ್ರೂಫು ಹೇಗಿತ್ತೋ ಹಾಗೇ, ಅಲ್ವಾ?

ಇನ್ನೊಂದು ಉಪಕಾರ ಹೇಳಲೇಬೇಕು. ಹಳೇ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕಿ, ಅದನ್ನು ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಲ್ಲಿರುವ ಕನ್ನಡ ಅಕ್ಷರಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಪಠ್ಯವಾಗಿ ಬರುತ್ತವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ತಿದ್ದಬೇಕು. ಆದರೂ ಮರುಮುದ್ರಣದ ಕೆಲಸದಲ್ಲಿ ಎಷ್ಟೋ ದಿನಗಳ ಟೈಪಿಂಗ್ ಉಳಿಯುತ್ತದೆ.

ಹುಡುಕುವ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಆಸ್ಕಿ (ಯುನಿಕೋಡ್‌ಗೆ ಮೊದಲಿನ) ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗಾಗಿ ಅದರೊಳಗಿನ ಕನ್ನಡ ಪದ ಯಾವ ಕ್ಲೌಡ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮ ಹತ್ತು ವರ್ಷದ ಫೈಲುಗಳು ಹಾಗೇ ಇದ್ದವು. ಈಗ ಬಿಡುವಾದಾಗೆಲ್ಲ ಅವನ್ನು ಯುನಿಕೋಡ್‌ಗೆ ಬದಲಿಸುತ್ತಿದ್ದೇವೆ. ಕನ್ನಡದಲ್ಲಿ ಕೆಲಸ ಮಾಡುವವರು ಕ್ಲೌಡ್‌ಗೆ ದುಡ್ಡು ಕಟ್ಟುವ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಪುಟ ಕಟ್ಟುವ ಹೊತ್ತಿಗೆ ಡ್ರಾಪ್‌ಬಾಕ್ಸ್ ಮುಂದಾಯಿತು. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನ ಫೈಲು, ಅದಕ್ಕೆ ಜೋಡಿಸಿದ ಫೋಟೋ ಎಲ್ಲ ಸೇರಿದರೆ ಭಾರ ಜಾಸ್ತಿ. ಡ್ರಾಪ್‌ಬಾಕ್ಸ್ ಫೈಲನ್ನು ತುಂಡು ತುಂಡಾಗಿ ನೋಡುತ್ತದೆ. ನಾವು ಬದಲಿಸಿದ ತುಂಡು ಮಾತ್ರ ಮೇಲೆ ಹೋಗುತ್ತದೆ. ಒಂದೇ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರುಗಳು ಫೈಲನ್ನು ಒಂದರಿಂದ ಒಂದು ನೇರವಾಗಿಯೂ ಪಡೆಯುತ್ತವೆ. ಮಳೆ ಬಂದು ಇಂಟರ್‌ನೆಟ್ ತೆವಳುವ ಸಂಜೆಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ನನ್ನ ಮೇಜಿನ ಮುಖಪುಟ ಪಕ್ಕದ ಮೇಜಿಗೆ ಕೂಡಲೇ ಬರುತ್ತಿತ್ತು. ಡ್ರೈವ್ ಕೂಡ ಕಂಪ್ಯೂಟರಿನಲ್ಲಿ ಫೋಲ್ಡರಿನ ಹಾಗೇ ಕಾಣುತ್ತದೆ, ಆದರೆ ಸ್ಟ್ರೀಮಿಂಗ್ ಆಯ್ಕೆಯಲ್ಲಿ ಫೈಲು ನಿಜವಾಗಿ ಇರುವುದು ಕ್ಲೌಡ್‌ನಲ್ಲಿ. ಪುಟವಿನ್ಯಾಸಕ್ಕೆ ಬಳಸುವುದಾದರೆ ಫೈಲನ್ನು ನಮ್ಮ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳುವ ಮಿರರ್ ಆಯ್ಕೆ ಹಾಕಿಕೊಳ್ಳಿ.

ಜಾಗದ ಲೆಕ್ಕ ಬೇರೆ. ಡ್ರೈವ್ ಪುಕ್ಕಟೆ 15 ಜಿಬಿ ಕೊಡುತ್ತದೆ, ಆದರೆ ಜಿಮೇಲ್ ಮತ್ತು ಫೋಟೋಗಳೂ ಅದರಲ್ಲೇ ಸೇರಬೇಕು. ಡ್ರಾಪ್‌ಬಾಕ್ಸ್ ಪುಕ್ಕಟೆ ಕೊಡುವುದು 2 ಜಿಬಿ ಅಷ್ಟೇ. ಚಿತ್ರ ಇರುವ ಒಂದು ಪುಸ್ತಕಕ್ಕೂ ಅದು ಸಾಲಲಿಲ್ಲ.

ಇನ್ನು ಕೆಲಸದ ಲೆಕ್ಕ. ಆಸನದಲ್ಲಿ ಒಂದು ಕೆಲಸಕ್ಕೆ ಒಬ್ಬರೇ ಹೊಣೆ. ಅವರ ಹೆಸರು, ಮುಗಿಸಬೇಕಾದ ದಿನ ಎದುರಿಗೇ ಇರುತ್ತದೆ. ಈ ಶಿಸ್ತು ನನಗೆ ತುಂಬಾ ಇಷ್ಟ. 'ನೀವು ಮಾಡ್ತೀರಿ ಅಂದ್ಕೊಂಡಿದ್ದೆ' ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಮೂವತ್ತು ನಲವತ್ತು ಜನರ ಕಂಪನಿಯಾಗಿದ್ದರೆ ಬೇರೆ ಯೋಚನೆಯೇ ಮಾಡುತ್ತಿರಲಿಲ್ಲ. ನಮ್ಮ ಆರು ಜನಕ್ಕೆ ಮಾತ್ರ ಅದರಲ್ಲಿ ತುಂಬಿಸಬೇಕಾದದ್ದೇ ಜಾಸ್ತಿ ಅನ್ನಿಸಿತು. ಮೇಷ್ಟ್ರು ಎರಡು ವಾರ ಪ್ರಯತ್ನಪಟ್ಟರು. ಆಮೇಲೆ ಮತ್ತೆ ಫೋನ್ ಶುರು: 'ನಾಲ್ಕನೇ ಫಾರಂ ನನ್ನ ಹತ್ರ ಇದೆಯೇನಮ್ಮ, ನಿನ್ನ ಹತ್ರ ಇದೆಯಾ?'

ಟ್ರೆಲ್ಲೊದಲ್ಲಿ ಈ ಪ್ರಶ್ನೆಗೇ ಉತ್ತರ ಸಿಕ್ಕಿತು. ಅದು ಬರೀ ಬೋರ್ಡು ಮತ್ತು ಚೀಟಿ. ಒಂದು ಫಾರಂಗೆ ಒಂದು ಚೀಟಿ ಮಾಡಿದೆವು. ಸಾಲುಗಳಿಗೆ ನಾವು ದಿನಾ ಆಡುವ ಹೆಸರನ್ನೇ ಇಟ್ಟೆವು: ಟೈಪಿಂಗ್, ಮೇಷ್ಟ್ರ ಹತ್ರ, ತಿದ್ದುಪಡಿ, ಪುಟ ಕಟ್ಟೋದು, ಲೇಖಕರ ಹತ್ರ, ಪ್ರೆಸ್ಸಿಗೆ ಹೋಯ್ತು. ನೋಡಿ ಮುಗಿಸಿದ ಮೇಲೆ ಮೇಷ್ಟ್ರು ಚೀಟಿಯನ್ನು ಬೆರಳಿನಿಂದ ಒತ್ತಿ ಹಿಡಿದು ಪಕ್ಕದ ಸಾಲಿಗೆ ಎಳೆದು ಬಿಡುತ್ತಾರೆ. ಅವರು ಕಲಿಯಬೇಕಾಗಿದ್ದು ಅಷ್ಟೇ. ಮೂರನೇ ದಿನದಿಂದ ಫೋನ್ ಬರಲಿಲ್ಲ.

ಪುಕ್ಕಟೆ ಟ್ರೆಲ್ಲೊದಲ್ಲಿ ಒಂದು ಚೀಟಿಗೆ 10 ಎಂಬಿಗಿಂತ ದೊಡ್ಡ ಫೈಲು ಅಂಟಿಸಲು ಆಗುವುದಿಲ್ಲ. ಮೊದಲು ಇದು ಕೊರತೆ ಅನ್ನಿಸಿತ್ತು. ಈಗ ಅದೇ ಒಳ್ಳೆಯದಾಯಿತು ಅನ್ನುತ್ತೇನೆ. ಚೀಟಿಯಲ್ಲಿ ಫೈಲಿನ ಲಿಂಕ್ ಮಾತ್ರ ಇರುತ್ತದೆ, ಫೈಲು ಒಂದೇ ಕಡೆ ಇರುತ್ತದೆ. ಏಳನೇ ಫಾರಂಗೆ ಎರಡನೇ ಪ್ರತಿ ಹುಟ್ಟುವುದಕ್ಕೆ ದಾರಿಯೇ ಇಲ್ಲ.

ಹಾಗಾಗಿ ನಾವು ಕೊನೆಗೆ ಉಳಿಸಿಕೊಂಡಿದ್ದು ಎರಡು ಜೋಡಿಯಲ್ಲಿ ಯಾವುದನ್ನೂ ಪೂರ್ತಿಯಾಗಿ ಅಲ್ಲ. ಬರಹ ಮತ್ತು ಪ್ರೂಫು ಡ್ರೈವ್‌ನಲ್ಲಿ, ಪುಟ ಕಟ್ಟುವ ಇಬ್ಬರಿಗೆ ದುಡ್ಡು ಕಟ್ಟಿದ ಡ್ರಾಪ್‌ಬಾಕ್ಸ್, ಎಲ್ಲರಿಗೂ ಟ್ರೆಲ್ಲೊ. ಪುಸ್ತಕದ ಫೋಲ್ಡರನ್ನು ಯಾರೂ ತಮ್ಮ ಸ್ವಂತ ಖಾತೆಯಲ್ಲಿ ತೆರೆಯುವಂತಿಲ್ಲ. ಮಾಮೂಲಿ ಡ್ರೈವ್‌ನಲ್ಲಿ ಫೈಲು ಯಾರು ಮಾಡಿದರೋ ಅವರದ್ದೇ. ಅವರು ಅಳಿಸಿದರೆ ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಹೋಗಿಬಿಡುತ್ತದೆ. ಅದಕ್ಕೇ ಆಫೀಸಿನ ಹೆಸರಲ್ಲೇ ಒಂದು ಖಾತೆ ಮಾಡಿ, ಹೊಸ ಪುಸ್ತಕ ಬಂದ ದಿನವೇ ಅದರಲ್ಲಿ ಫೋಲ್ಡರ್ ತೆರೆಯುತ್ತೇವೆ. ಎಲ್ಲರಿಗೂ ಅಲ್ಲಿಂದಲೇ ಹಂಚಿಕೆ.